ಲಾರ್ಕಿನ್ ಶಾಲೆಗೆ ಹೊರಟ ತರಗತಿ

ಶನಿವಾರ ಬೆಳಿಗ್ಗೆ ಶಾಲೆಯ ಜಿಮ್‌ನಲ್ಲಿ ನಡೆದ ಶಾಲಾ ಮಂಡಳಿಯ ಸಭೆಯಲ್ಲಿ ಶಾಲೆಗಳ ಹೊಸ ಗಡಿಯ ನಕ್ಷೆ ಪರದೆಯ ಮೇಲೆ ಬಂದಾಗ, ಡೆಲ್ಫೀನ್‌ಳ ಕಣ್ಣು ಮೊದಲು ಹೋದದ್ದು ಪರದೆಯ ಪಕ್ಕದಲ್ಲಿ ನಿಂತಿದ್ದ ಕರ್ಟಿಸ್‌ನ ಬೆರಳುಗಳ ಮೇಲೆ. ನಿನ್ನೆಯಷ್ಟೇ ಅವು ಅವಳ ಕೆನ್ನೆಗೆ ಅಂಟಿದ್ದ ಮಾರ್ಕರ್ ಮಸಿಯನ್ನು ಒರೆಸಿದ್ದವು. ಈಗ ಅದೇ ಬೆರಳು ನಕ್ಷೆಯಲ್ಲಿ ಅವಳ ತರಗತಿಯನ್ನು ಟ್ಯಾನರ್ ಕ್ರೀಕ್ ಶಾಲೆಯಿಂದ ಎತ್ತಿ, ಮೂರು ಮೈಲಿ ಆಚೆಯ ಲಾರ್ಕಿನ್ ಶಾಲೆಯಲ್ಲಿ ಇಟ್ಟಿತು.

ಹನ್ನೊಂದು ವರ್ಷಗಳಿಂದ ಅವಳು ಪ್ರತಿಭಾವಂತ ಮಕ್ಕಳಿಗೆಂದೇ ಇದ್ದ ವಿಶೇಷ ತರಗತಿಗೆ ಗಣಿತ ಕಲಿಸುತ್ತಿದ್ದಳು. ಟ್ಯಾನರ್ ಕ್ರೀಕ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಳದಲ್ಲಿ ನಿಲ್ಲಿಸಿದ್ದ ಟ್ರೇಲರ್ ಕೋಣೆಗಳಲ್ಲೂ ಪಾಠ ನಡೆಯುತ್ತಿತ್ತು, ಊಟದ ಹಾಲ್ ಸಾಲದೆ ಮೊದಲ ಪಂಕ್ತಿಯ ಊಟ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೇ ಶುರುವಾಗುತ್ತಿತ್ತು. ಲಾರ್ಕಿನ್‌ನಲ್ಲಿ ಮಕ್ಕಳಿಲ್ಲದೆ ಒಂದು ಇಡೀ ಸಾಲು ಕೊಠಡಿಗಳಿಗೆ ಬೀಗ ಬಿದ್ದಿತ್ತು. ಇದೆಲ್ಲ ಗೊತ್ತಿದ್ದೂ ಅವಳ ಎದೆ ಉರಿಯಿತು. ಜಿಲ್ಲೆಯ ಶಾಲೆಗಳ ಗಡಿ ಎಳೆಯುವುದು ಕರ್ಟಿಸ್‌ನ ಕೆಲಸ. ಅವರಿಬ್ಬರೂ ಜೋಡಿಯಾಗಿ ಓಡಾಡಲು ಶುರುಮಾಡಿ ಹತ್ತು ವಾರವಾಗಿತ್ತು. ಮೊದಲೇ ಒಂದು ಮಾತು ಹೇಳಬಾರದಿತ್ತೇ?

ವಿರಾಮದಲ್ಲಿ ಅವನು ಕಾಫಿ ಹಿಡಿದು ಬಂದ. ಅವಳು ಲೋಟ ಮುಟ್ಟಲಿಲ್ಲ.

"ಪ್ಯಾನ್‌ಕೇಕ್ ತಿನ್ನುವಾಗ ನಮ್ಮ ಮಕ್ಕಳ ಊಟದ ಕಥೆ ಹೇಳಿದ್ದೆ. ಅದೂ ಈ ನಕ್ಷೆ ಜೊತೆ ನೀನು ಬರೆದ ವರದಿಗೆ ಉಪಯೋಗಕ್ಕೆ ಬಂತಾ?"

"ನೀನು ಹೇಳಿದ್ದು ಒಂದೂ ಇಲ್ಲ. ಬೇಕಾದ್ರೆ ಓದಿ ನೋಡು."

ಅವನು ಕೊಟ್ಟ ವರದಿಯನ್ನು ಅವಳು ಓದಿದಳು. ನಿಜಕ್ಕೂ ಇರಲಿಲ್ಲ. ಆದರೆ ಕೊನೆಯ ಪುಟದ ಒಂದು ಸಾಲಿನಲ್ಲಿ ಕಣ್ಣು ಸಿಕ್ಕಿಕೊಂಡಿತು. ವಿಶೇಷ ತರಗತಿಯ ಎಂಬತ್ತನಾಲ್ಕು ಮಕ್ಕಳಲ್ಲಿ ಲಾರ್ಕಿನ್ ಕಡೆಯವರು ಮೂವರೇ. ತಂದೆತಾಯಿ ಬರೆದು ಕೇಳಿದರೆ ಮಾತ್ರ ಮಗುವಿಗೆ ಆ ತರಗತಿಯ ಪ್ರವೇಶ ಪರೀಕ್ಷೆ. ಎರಡೆರಡು ಕೆಲಸ ಮಾಡುವ ಲಾರ್ಕಿನ್‌ನ ಅಮ್ಮಂದಿರಿಗೆ ಹಾಗೆ ಕೇಳಬೇಕೆಂಬುದೇ ತಿಳಿದಿರಲಿಲ್ಲ. ಡೆಲ್ಫೀನ್‌ಗೆ ಅದು ವರ್ಷಗಳಿಂದ ಗೊತ್ತಿತ್ತು.

"ಇದನ್ನ ನಾನು ನಿಂಗೆ ಹೇಳೇ ಇರ್ಲಿಲ್ಲ," ಎಂದಳು ಮೆಲ್ಲಗೆ.

"ಹೇಳ್ತೀಯೇನೋ ಅಂತ ಕಾಯ್ತಿದ್ದೆ." ಅವನು ಅವಳ ಮುಖ ನೋಡದೆ ಮುಂದುವರಿಸಿದ. "ನಾನು ಓದಿದ್ದು ಲಾರ್ಕಿನ್‌ನಲ್ಲೇ. ಏಳನೇ ಕ್ಲಾಸಲ್ಲಿ ಹತ್ತನೇ ಕ್ಲಾಸಿನ ಲೆಕ್ಕ ಬಿಡಿಸ್ತಿದ್ದೆ. ನಂಗೂ ಪರೀಕ್ಷೆ ಕೊಡಿ ಅಂತ ಯಾರೂ ಕೇಳ್ಲಿಲ್ಲ."

ತಮ್ಮಿಬ್ಬರ ವಿಷಯವನ್ನು ಗುರುವಾರವೇ ಮೇಲಧಿಕಾರಿಯಾದ ನಿರ್ದೇಶಕಿಗೆ ತಿಳಿಸಿದ್ದೇನೆ, ಇಂದಿನಿಂದಾಚೆ ಈ ನಕ್ಷೆ ತನ್ನ ಕೈಯಲ್ಲಿರುವುದಿಲ್ಲ ಎಂದೂ ಅವನು ಹೇಳಿದ. ಸಂಬಂಧ ಮುಚ್ಚಿಟ್ಟುಕೊಂಡು ಮಂಡಳಿಯ ಮತ ಗೆಲ್ಲುವುದು ಅವನಿಗೆ ಬೇಕಿರಲಿಲ್ಲವಂತೆ.

ಮೈಕ್‌ನಲ್ಲಿ ಅವಳ ಹೆಸರು ಕೂಗಿದರು. ಮಾತಾಡಲು ಸಿಕ್ಕಿದ್ದು ಎರಡು ನಿಮಿಷ. ಟ್ಯಾನರ್ ಕ್ರೀಕ್‌ನ ಪೋಷಕರು ಚಪ್ಪಾಳೆ ತಟ್ಟಿ ಕಳಿಸಿದರು. ನಮ್ಮ ತರಗತಿಯನ್ನು ಮುಟ್ಟಬೇಡಿ ಎಂದು ಅವಳು ಹೇಳಲಿ ಎಂಬುದೇ ಅವರ ನಿರೀಕ್ಷೆ. ಬರೆದು ತಂದಿದ್ದ ಹಾಳೆಯನ್ನು ಅವಳು ಮಡಿಚಿದಳು.

"ತರಗತಿ ಲಾರ್ಕಿನ್‌ಗೆ ಹೋಗಲಿ. ನಾನೂ ಹೋಗ್ತೀನಿ. ಆದ್ರೆ ಎರಡೂ ಶಾಲೆಗಳಲ್ಲಿ, ಯಾರು ಕೇಳಲಿ ಬಿಡಲಿ, ಪ್ರತಿ ಮಗುವಿಗೂ ಪರೀಕ್ಷೆ ಕೊಡಿ. ಇದನ್ನ ನಾನು ಎಷ್ಟೋ ವರ್ಷದ ಹಿಂದೆ ಹೇಳ್ಬೇಕಿತ್ತು."

ಹಿಂದಿನ ಸಾಲಿನಿಂದ ಒಬ್ಬ ತಾಯಿ, ಇಷ್ಟು ದಿನ ನಮ್ಮ ಮಕ್ಕಳನ್ನು ಮುದ್ದಿಸಿದ್ದೆಲ್ಲ ನಾಟಕವೇ ಎಂದು ಚುಚ್ಚಿದಳು. ಡೆಲ್ಫೀನ್ ತಿರುಗಿ ನೋಡಲಿಲ್ಲ. ಮಂಡಳಿಯ ಏಳು ಸದಸ್ಯರಲ್ಲಿ ನಾಲ್ವರ ಕೈ ನಕ್ಷೆಯ ಮತ್ತು ಅವಳ ಷರತ್ತಿನ ಪರವಾಗಿ ಮೇಲೆದ್ದಿತು.

ಪಾರ್ಕಿಂಗ್‌ನಲ್ಲಿ ಕರ್ಟಿಸ್ ತನ್ನ ಕಾರಿಗೆ ಒರಗಿ ನಿಂತಿದ್ದ. ಸಿಟ್ಟಿನಿಂದ ಹೊರಬರುತ್ತಿದ್ದ ಜನ ಇಬ್ಬರನ್ನೂ ದುರುಗುಟ್ಟಿ ನೋಡಿ ಹೋಗುತ್ತಿದ್ದರು.

"ನನ್ಮೇಲೆ ಕೋಪ ಇನ್ನೂ ಇದೆಯಾ?" ಎಂದು ಕೇಳಿದ.

"ಇದೆ. ಇಷ್ಟು ವರ್ಷ ಸುಮ್ನಿದ್ದಿದ್ದಕ್ಕೆ ನಂಗೇ ನಾಚಿಕೆ ಆಗೋ ಹಾಗೆ ಮಾಡ್ದೆ," ಎಂದಳು. ಆಮೇಲೆ ಸೇರಿಸಿದಳು, "ಅದಕ್ಕೇ ನೀನಂದ್ರೆ ನಂಗೆ ಪ್ರೀತಿ ಅನ್ಸುತ್ತೆ. ಇವತ್ತಿನವರೆಗೆ ಇಷ್ಟ ಅಂತ ಮಾತ್ರ ಅಂದ್ಕೊಂಡಿದ್ದೆ."

ಅವನ ತುಟಿಯಂಚಿನಲ್ಲಿ ನಗು ಬಂದು ನಿಂತಿತು. "ಎಲ್ರೂ ನೋಡ್ತಿದಾರೆ, ಡೆಲ್ಫೀನ್."

"ನೋಡ್ಲಿ ಬಿಡು," ಎಂದು ಅವಳು ಅವನ ಕೋಟಿನ ಕಾಲರ್ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.