ದಾದಾಪೀರಜ್ಜನ ಸಾಸಿವೆ ದಿಂಬು

“ನನ್ನ ದಿಂಬು ನನ್ನ ಕೇಳದ ಹೆಂಗ ಕೊಟ್ಟ ಅಜ್ಜ?”

ಸುಮೇರಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ತೊಡೆಯ ಮೇಲಿನ ಕೂಸಿಗೆ ಗಾಳಿ ಹಾಕುತ್ತಿದ್ದ ಅವ್ವ ನಕ್ಕಳು.

“ಆಗ ನಿನಗ ನಾಕು ವರ್ಷ. ದಿಂಬಿದ್ರೂ ನೆಲದ ಮ್ಯಾಲ ಉಳ್ಳಾಡ್ತಿದ್ದಿ. ಸರೋಜವ್ವನ ಮನ್ಯಾಗ ಮೊಮ್ಮಗ ಸಾಗರ ಹುಟ್ಟಿದ್ದ, ಕೊಟ್ರು.”

ನಾಳೆ ತಮ್ಮನನ್ನು ತೊಟ್ಟಿಲಿಗೆ ಹಾಕುವ ದಿನ. ತೊಟ್ಟಿಲು ಬಂದಿತ್ತು, ಬಲೂನು ಬಂದಿದ್ದವು. ಇಲ್ಲದ್ದು ಒಂದೇ, ಸಾಸಿವೆ ದಿಂಬು.

ಸವಣೂರಿನ ಅವರ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಗಾದಿ ಹೊಲಿಯುವ ದಾದಾಪೀರಜ್ಜ ಹೊಸದೋ ಹಳೆಯದೋ ಪುಟ್ಟ ದಿಂಬೊಂದನ್ನು ಹಿಡಿದು ಹೋಗುತ್ತಿದ್ದ. ಒಳಗೆ ಅರಳೆಯಲ್ಲ, ಸಾಸಿವೆ ಕಾಳು. ಕೂಸಿನ ತಲೆ ದುಂಡಗಾಗಬೇಕಲ್ಲ! “ಏನ ಕೊಡೂಣ್ರಿ?” ಎಂದು ಕೇಳಿದವರಿಗೆ, “ಈಗ ಬ್ಯಾಡ್ರಿ. ಇದು ದೊಡ್ಡದಾಗಿ ಲಗ್ನ ಆಗ್ಲಿ, ಗಾದಿ ನನ್ನ ಕಡೆನ ಹೊಲಿಸ್ರಿ” ಅನ್ನುತ್ತಿದ್ದ.

ಆದರೆ ಕೂಸು ಹುಟ್ಟುವ ಮೊದಲು ಅವನು ಅದರ ದಿಂಬಿಗೆ ಸೂಜಿ ಹಾಕುತ್ತಿರಲಿಲ್ಲ. ಹಾಗೆ ಮಾಡಬಾರದಂತೆ. “ಬರ್ಲಿ, ಮಾರಿ ನೋಡಿ ಹೊಲಿತೇನಿ” ಅಂದಿದ್ದ. ಮೊಮ್ಮಗ ಹುಟ್ಟುವುದಕ್ಕೆ ಹದಿನೈದು ದಿನ ಇದೆ ಅನ್ನುವಾಗ ಅಜ್ಜನೇ ಹೋಗಿಬಿಟ್ಟ.

“ನಾಳೆ ಮಂದಿ ಬರ್ತಾರ. ಗೂಟದಾಗಿನ ಅಜ್ಜನ ಅಂಗಿ ತಗದಿಡ್ಲೇನ?” ಅವ್ವ ಮೆಲ್ಲಗೆ ಕೇಳಿದಳು.

“ಮುಟ್ಟಬ್ಯಾಡ!”

ಎಳೆ ಎಳೆ ಅರಳೆ ಅಂಟಿದ್ದ ಆ ಅಂಗಿಯನ್ನು ಸುಮೇರಾ ಒಗೆಯಲೂ ಬಿಟ್ಟಿರಲಿಲ್ಲ. ದಿನಾ ಸ್ಕೂಲಿಗೆ ಹೋಗುವ ಮುಂಚೆ ಅದನ್ನೊಮ್ಮೆ ಮೂಸುತ್ತಿದ್ದಳು.

ಗೋಡೆಯ ಮೇಲಿನ ಹಳೇ ಫೋಟೋದಲ್ಲಿ ಅಜ್ಜ ನಗುತ್ತಿದ್ದ. ಮೈಮೇಲೆ ನೀಲಿ ಗೀರಿನ ಅಂಗಿ, ತೋಳಲ್ಲಿ ಕೂಸಾಗಿದ್ದ ಅಪ್ಪ.

“ನಗಬ್ಯಾಡ. ಊರಿಗೆಲ್ಲ ಹೊಲಿದಿ, ನಮ್ಮ ಮನಿಗೇ ಇಲ್ಲ” ಎಂದು ಫೋಟೋಕ್ಕೆ ಬೈದು, ಸುಮೇರಾ ಎದುರುಮನೆಗೆ ಓಡಿದಳು.

“ಆಯಿ, ನನ್ನ ದಿಂಬು ಕೊಡ್ರಿ.”

ಕಟ್ಟೆಯ ಮೇಲೆ ಬಳ್ಳೊಳ್ಳಿ ಸುಲಿಯುತ್ತಿದ್ದ ಸರೋಜವ್ವ ಕಣ್ಣರಳಿಸಿದಳು. “ನಮ್ಮ ಸಾಗರ ಈಗ ಫಸ್ಟ್ ಸ್ಟ್ಯಾಂಡರ್ಡ್ ಅದಾನವ್ವ. ತಲಿ ಕಲ್ಲಂಗಡಿಯಂಗ ಆಗೇತಿ, ಆ ದಿಂಬು ಎಲ್ಲಿ ಸಾಲಬೇಕು?”

“ಆಯೀ!” ಒಳಗಿನಿಂದ ಸಾಗರ ಕೂಗಿದ.

“ನನ್ನ ಹಳೇ ಸೀರಿ ಹರದು ಹೊಸಾ ಹೊದಿಕಿ ಹೊಲಿದುಕೊಟ್ಟಿದ್ರು ನಿಮ್ಮಜ್ಜಾರು. ಮುಂದ ಅವ್ರ ಅದನ್ನ ಒಯ್ದು ಅಂಕಿತಾನ ಮನಿಗೆ ಕೊಟ್ರು. ಅವ್ರ ಕೈಯಾಗ ಏನರ ನಿಲ್ತಿತ್ತೇನ?”

ಅಂಕಿತಾ ಸುಮೇರಾಳ ಕ್ಲಾಸ್‌ಮೇಟ್. ಸುಮೇರಾ ಓಡಿಹೋದಾಗ ಅವಳ ಮನೆಯಲ್ಲಿ ಸೋದರತ್ತೆ ಸುಧಾರಾಣಿಯ ನಾಲ್ಕು ತಿಂಗಳ ಕೂಸು ಮಲಗಿತ್ತು. ತಲೆಯ ಕೆಳಗೆ ಹಳದಿ ದಿಂಬು.

“ಅದು ನಂದು” ಎಂದಳು ಸುಮೇರಾ.

“ನಿಂದಂತ ಹೆಸರು ಬರದೈತೇನ? ನಮ್ಮ ಪಾಪುಂದು!” ಅಂಕಿತಾ ಅಡ್ಡ ನಿಂತಳು.

“ಶ್! ಇಬ್ಬರೂ ಸುಮ್ಮನಾಗ್ರಿ.” ಸುಧಾರಾಣಿ ಸುಮೇರಾಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. “ಇದು ಅಜ್ಜಾರ ಕಡೇ ಹೊಲಿಗಿ. ಕೈ ನಡಗ್ತಿದ್ವು. ನಾ ಹೊಲಿತೇನಿ ಬಿಡ್ರಿ ಅಂದ್ರೂ ಕೇಳ್ಲಿಲ್ಲ. ನಿಂದೂ ಇದ್ರಾಗೇ ಐತಿ, ನೋಡು.”

ಸಾಸಿವೆ ತೆಗೆದು ಬಿಸಿಲಿಗೆ ಹಾಕಲೆಂದು ದಿಂಬಿನ ಒಂದು ಮೂಲೆಗೆ ಚೀಲದ ಬಾಯಿಯಂತೆ ದಾರ ಕಟ್ಟಿತ್ತು. ಕೂಸು ಅಲುಗದಂತೆ ಸುಧಾರಾಣಿ ಅದನ್ನು ಸಡಿಲಿಸಿದಳು.

ಮೇಲೆ ಹಳದಿ. ಅದರ ಕೆಳಗೆ ಸರೋಜವ್ವನ ಕೆಂಪು ಇಳಕಲ್ ಸೀರೆ. ಅದರ ಕೆಳಗೆ ಹಸಿರು, ಬಿಳೀ ಚುಕ್ಕಿ. ಅವ್ವನ ಸೀರೆ! ಇದೇ ತನ್ನದು. ಅಜ್ಜ ಯಾವ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಒಂದರ ಮೇಲೊಂದು ಹೊಲಿಯುತ್ತ ಹೋಗಿದ್ದ.

“ಇನ್ನೂ ಒಂದೈತಿ. ಅದು ಯಾರದೋ ಗೊತ್ತಿಲ್ಲವ್ವ” ಎಂದಳು ಸುಧಾರಾಣಿ.

ಸುಮೇರಾ ಬೆರಳಿನಿಂದ ಹಸಿರು ಬಟ್ಟೆ ಸರಿಸಿದಳು. ಎಲ್ಲಕ್ಕೂ ಒಳಗೆ, ತೊಳೆದು ತೊಳೆದು ತೆಳ್ಳಗಾದ ನೀಲಿ ಗೀರಿನ ಬಟ್ಟೆ. ಅದರಲ್ಲೊಂದು ಕಿಸೆ ಹಾಗೇ ಇತ್ತು.

ಅವಳಿಗೆ ಗೊತ್ತಾಯಿತು. ಫೋಟೋದಲ್ಲಿ ಅಜ್ಜ ತೊಟ್ಟಿದ್ದ ಅಂಗಿ! ಈ ಕಿಸೆಯ ಮೇಲೆ ಮೊದಲು ಅಪ್ಪ ತಲೆಯಿಟ್ಟಿದ್ದ. ಆಮೇಲೆ ತಾನು. ಆಮೇಲೆ ಸಾಗರ. ಈಗ ಈ ಕೂಸು.

ಬೆರಳಿಟ್ಟಲ್ಲಿ ಸಾಸಿವೆ ಸರ್ರನೆ ಸರಿಯಿತು.

“ನಾಳೆ ನಿಮ್ಮ ತಮ್ಮನ ತೊಟ್ಟಿಲಲ್ಲ? ತಗೊಂಡ್ಹೋಗು. ಇವಂಗ ಟವೆಲ್ ಮಡಚಿ ಇಡ್ತೇನಿ.” ಸುಧಾರಾಣಿ ಕೂಸಿನ ತಲೆಯ ಕೆಳಗೆ ಕೈ ಹಾಕಿದಳು.

“ಬ್ಯಾಡ್ರಿ” ಎಂದಳು ಸುಮೇರಾ. “ಎಚ್ಚರಾಗ್ತಾನ.”

ದಾರವನ್ನು ಅವಳೇ ಕಟ್ಟಿದಳು.

“ಸಿಗ್ಲಿಲ್ಲೇನ?” ಬರಿಗೈಯಲ್ಲಿ ಬಂದ ಮಗಳನ್ನು ನೋಡಿ ಅವ್ವ ಕೇಳಿದಳು.

“ಸಿಕ್ತು. ಅಲ್ಲೇ ಐತಿ.”

ಸುಮೇರಾ ಫೋಟೋದಲ್ಲಿನ ಅಜ್ಜನನ್ನೊಮ್ಮೆ ನೋಡಿದಳು. ಆಮೇಲೆ ಸ್ಟೂಲು ಎಳೆದು ಹತ್ತಿ ಗೂಟದ ಅಂಗಿಯನ್ನು ಇಳಿಸಿದಳು. ಒಮ್ಮೆ ಮೂಗಿಗೆ ಹಿಡಿದಳು. ಅಜ್ಜನ ದೊಡ್ಡ ಕತ್ತರಿಯನ್ನೂ ತಂದು, ಎರಡನ್ನೂ ಅವ್ವನ ಮುಂದಿಟ್ಟಳು.

ಅವ್ವ ಅವಳ ಮುಖವನ್ನೇ ನೋಡಿದಳು. “ಖರೇನ?”

“ಹೂಂ. ಕಿಸೆ ಮಾತ್ರ ಬಿಚ್ಚಬ್ಯಾಡವ್ವ” ಎಂದಳು ಸುಮೇರಾ. “ಅದು ಹಂಗ ಇರ್ಲಿ.”