ಅರ್ಜಿದಾರರ ಜೊತೆ ಸಂಬಂಧ

"ನಿಮ್ಮ ಸಹಿ ಬೇಡ... ದಯವಿಟ್ಟು ಮುಂದೆ ಹೋಗಿ!"

ಬಸ್ ನಿಲ್ದಾಣದ ಎದುರು ಮೇಜು ಹಾಕಿಕೊಂಡು, ದಾರಿಹೋಕರನ್ನೆಲ್ಲ ಕರೆಕರೆದು ಸಹಿ ಮಾಡಿಸುತ್ತಿದ್ದವನು ಇವಳೊಬ್ಬಳಿಗೆ ಮಾತ್ರ ಹಾಗೆಂದ. ಲಂಚಕೋರರ ಮೇಲೆ ಕಣ್ಣಿಡಲು ಯಾವ ಮಂತ್ರಿಯ ಕೈಕೆಳಗೂ ಇರದ ಸ್ವತಂತ್ರ ಆಯೋಗವೊಂದು ಬೇಕು ಎಂಬುದು ಆ ಸಹಿಗಳ ಬೇಡಿಕೆ.

"ಯಾಕೆ? ನಾನೇನು ಈ ಊರಿನವಳಲ್ವಾ?" ಅವಳ ಮೂಗಿನ ತುದಿ ಕೆಂಪಾಯಿತು.

"ಕೊರಳಲ್ಲಿ ನೀರು ಸರಬರಾಜು ಕಚೇರಿ ಕಾರ್ಡ್ ಇದೆ. ನಾಳೆ ನಿಮ್ಮ ಸಾಹೇಬರು ಈ ಪಟ್ಟಿ ನೋಡಿದ್ರೆ..."

"ನೋಡ್ಲಿ! ಅವರ ಮೇಲೆ ದೂರು ಕೊಟ್ಟವಳೇ ನಾನು!"

ಅವನ ಕೈಯಿಂದ ಪೆನ್ನು ಕಸಿದುಕೊಂಡು ಸಹಿ ಹಾಕಿಯೇಬಿಟ್ಟಳು.

ಆ ದೂರಿನಿಂದ ಸಾಹೇಬರಿಗೆ ಆದದ್ದೇನು? ಏನೂ ಇಲ್ಲ! ವಿಚಾರಣೆ ಮಾಡಿದವರು ಅವರ ಕೈಕೆಳಗಿನವರೇ. ಕಳ್ಳನ ಕೈಗೆ ಬೀಗದಕೈ ಕೊಟ್ಟ ಹಾಗೆ. ಆದದ್ದೆಲ್ಲ ಅವಳಿಗೇ. ಅವಳು ಒಳಗೆ ಬಂದರೆ ಕಚೇರಿಯಲ್ಲಿ ಮಾತು ನಿಲ್ಲುತ್ತಿತ್ತು. ಒಡಹುಟ್ಟಿದ ಅಣ್ಣನೂ ಫೋನಿನಲ್ಲಿ, "ಊರ ಉಸಾಬರಿ ನಿಂಗ್ಯಾಕೆ ಬೇಕಿತ್ತು?" ಎಂದು ಬೈದವನು ಮತ್ತೆ ಫೋನ್ ಮಾಡಿರಲಿಲ್ಲ. ಭಾನುವಾರಗಳಂದು ಬಾಡಿಗೆ ಕೋಣೆಯಲ್ಲಿ ಕೂತು, ತನ್ನ ದನಿ ಇನ್ನೂ ಇದೆಯೋ ಇಲ್ಲವೋ ಎಂದು ನೋಡಲು ಹಳೆಯ ಪೇಪರನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು.

ಮೇಜಿನವನು ಕನ್ನಡಕದ ಅಂಗಡಿ ಇಟ್ಟವನು. ಚಳವಳಿಯವರೆಲ್ಲ ಅವನನ್ನು 'ಕನ್ನಡಕ' ಎಂದೇ ಕರೆಯುತ್ತಿದ್ದರು. ಅವನ ಮೂಗಿನ ಮೇಲೆ ಮಾತ್ರ ಕನ್ನಡಕ ಇರಲಿಲ್ಲ! ಎರಡು ವರ್ಷ ಇಬ್ಬರೂ ಸಂಜೆ ಸಂಜೆ ಮನೆಮನೆಯ ಮೆಟ್ಟಿಲು ಹತ್ತಿದರು, ಸಹಿಗಳನ್ನು ತಾಳೆ ನೋಡಿದರು, ಆಯೋಗದ ನಿಯಮಗಳ ಕರಡು ಬರೆಯುತ್ತಾ ಒಂದೊಂದು ಸಾಲಿಗೂ ಜಗಳವಾಡಿದರು. ಅವಳನ್ನು ಬಸ್ ಹತ್ತಿಸದೆ ಅವನು ಅಂಗಡಿಗೆ ಮರಳುತ್ತಿರಲಿಲ್ಲ.

'ಇವನಿಗೂ ನನ್ನ ಮೇಲೆ...?' ಎಂದು ಮನಸ್ಸು ಕೇಳಿದರೆ, 'ಸುಮ್ನಿರೇ, ಕೆಲಸ ನೋಡು!' ಎಂದು ತನ್ನನ್ನು ತಾನೇ ಗದರಿಸಿಕೊಳ್ಳುತ್ತಿದ್ದಳು.

ಕೊನೆಗೂ ಆಯೋಗ ಬಂತು! ಅದರ ತನಿಖಾಧಿಕಾರಿಗಳನ್ನು ಆರಿಸಲು ಐದು ಜನ ನಾಗರಿಕರ ಸಮಿತಿ, ಅದರಲ್ಲಿ ಅವನೂ ಒಬ್ಬ. ಅವಳು ಅರ್ಜಿ ಹಾಕಿದಳು. ತನ್ನಂಥವರ ದೂರು ಇನ್ನು ಕಸದ ಬುಟ್ಟಿಗೆ ಹೋಗಬಾರದು. ಬದುಕಿನಲ್ಲಿ ಅವಳು ಆಸೆಪಟ್ಟ ಕೆಲಸ ಅದೊಂದೇ.

ಅರ್ಜಿ ಹಾಕಿದ ದಿನದಿಂದ ಅವನು ಮಾತು ಬಿಟ್ಟ! ಫೋನ್ ಎತ್ತಲಿಲ್ಲ. ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋದ. ಎರಡು ತಿಂಗಳು ಅವಳು ಒಬ್ಬಳೇ ಬಸ್ಸಿಗೆ ಕಾದಳು.

ಸಂದರ್ಶನದ ದಿನವಂತೂ ಅವಳು ಒಳಗೆ ಕಾಲಿಟ್ಟ ಕೂಡಲೇ ಅವನು ಎದ್ದ. ಅಧ್ಯಕ್ಷೆಯ ಮುಂದೆ ಒಂದು ಕಾಗದ ಇಟ್ಟು, ಅವಳ ಮುಖ ಕೂಡ ನೋಡದೆ ಹೊರಟುಹೋದ.

ನಿಯಮ ಅವಳಿಗೆ ಬಾಯಿಪಾಠ. ಅರ್ಜಿದಾರರು ಬಂಧುವಾಗಿದ್ದರೆ, ಇಲ್ಲವೇ ಅವರ ಮೇಲೆ ಹಗೆಯಿದ್ದರೆ, ಸಮಿತಿಯವರು ಕಾರಣ ಬರೆದುಕೊಟ್ಟು ಎದ್ದು ಹೋಗಬೇಕು.

'ನಾನು ಬಂಧುವಂತೂ ಅಲ್ಲ. ಹಾಗಾದ್ರೆ... ಹಗೆಯಾ? ಇವನೂ ಹೀಗಾ?'

ಕೇಳಿದ ಪ್ರಶ್ನೆಗಳಿಗೆ ಏನು ಉತ್ತರ ಕೊಟ್ಟಳೋ ಅವಳಿಗೇ ನೆನಪಿಲ್ಲ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಕಚೇರಿಯವರು ದೂರವಾದಾಗ, ಅಣ್ಣ ದೂರವಾದಾಗ ಒಂದು ಹನಿ ಕಣ್ಣೀರು ಹಾಕದವಳು!

ಮರುದಿನ ಬೆಳಿಗ್ಗೆ ಅರ್ಜಿಯನ್ನು ವಾಪಸ್ ಪಡೆಯಲು ಹೋದಳು. ಸಮಿತಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಎಲ್ಲರ ಬಾಯಲ್ಲೂ 'ಜಡ್ಜಮ್ಮ'.

"ಅಯ್ಯೋ ಹುಚ್ಚಿ, ಹೊರಗೆ ನೋಟಿಸ್ ಬೋರ್ಡ್ ನೋಡ್ದೇ ಬಂದ್ಯಾ? ಉಳಿದ ನಾಲ್ಕೂ ಮತ ನಿಂಗೇ ಬಿದ್ದಿದೆ. ಕೆಲಸ ನಿಂದು!" ಎಂದರು ಜಡ್ಜಮ್ಮ. "ಕನ್ನಡಕ ಸಮಿತಿಗೇ ರಾಜೀನಾಮೆ ಕೊಟ್ಟ. ಅವನ ಕಾರಣಾನೂ ಅಲ್ಲೇ ಅಂಟಿಸಿದೀವಿ. ಮುಚ್ಚಿಡೋ ಹಾಗಿಲ್ವಲ್ಲಮ್ಮ, ನೀವೇ ಮಾಡಿದ ನಿಯಮ!"

ಬೋರ್ಡಿನ ಮುಂದೆ ನಿಂತವರು ಮುಸಿಮುಸಿ ನಗುತ್ತಿದ್ದರು. ಅವಳನ್ನು ಕಂಡು ದಾರಿ ಬಿಟ್ಟರು.

'ಅರ್ಜಿದಾರರ ಜೊತೆ ಸಂಬಂಧ: ಪ್ರೀತಿ. ಎರಡು ವರ್ಷದಿಂದ. ನನ್ನ ಕಡೆಯಿಂದ ಮಾತ್ರ. ಅವರಿಗೆ ತಿಳಿಸಿಲ್ಲ. ಅವರ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಾಗಿರಲಾರೆ.'

ಅಕ್ಷರಗಳು ಮಂಜಾದವು. ಕಣ್ಣೊರೆಸಿಕೊಂಡು ಇನ್ನೊಮ್ಮೆ ಓದಿದಳು. ಆಮೇಲೆ ಓಡಿದಳು.

ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದವನು ಅವಳನ್ನು ಕಂಡು ತಬ್ಬಿಬ್ಬಾಗಿ ಎದ್ದು ನಿಂತ.

"ಊರಿಗೆಲ್ಲ ಹೇಳಿದ್ರಿ... ನನಗೊಬ್ಬಳಿಗೇ ಹೇಳಲಿಲ್ಲ!"

"ಮೊದಲೇ ಹೇಳಿದ್ರೆ, ಕೆಲಸ ಅವನು ಕೊಡಿಸಿದ ಅಂತಿದ್ರು. ನಿಮಗೆ ಆ ಮಾತು ಬರಬಾರದು ಅನ್ನಿಸ್ತು."

"ಹಾಗಿದ್ರೆ ಎರಡು ತಿಂಗಳ ಹಿಂದೇನೇ ಸಮಿತಿ ಬಿಡ್ಬೇಕಿತ್ತು!"

"ಕಾರಣ ಬರೀಬೇಕಲ್ಲ..." ಅವನು ತಲೆ ತಗ್ಗಿಸಿದ. "ಎಂಟು ಸಲ ಬರೆದು ಹರಿದು ಹಾಕ್ದೆ. ಧೈರ್ಯ ಬರಲಿಲ್ಲ."

"ಆ ಎರಡು ತಿಂಗಳು ನನಗೆ ಯಾರೂ ಇರಲಿಲ್ಲ. ಯಾರೂ!"

"ಕ್ಷಮಿಸಿ..."

ಅವಳು ಮೂಗು ಒರೆಸಿಕೊಂಡು ದನಿ ಗಟ್ಟಿ ಮಾಡಿದಳು. "ನಿಮ್ಮ ಕಾಗದದಲ್ಲಿ ಒಂದು ಸುಳ್ಳಿದೆ. ತನಿಖಾಧಿಕಾರಿ ಹೇಳ್ತಿದೀನಿ, ಕೇಳಿ."

ಅವನ ಮುಖ ಬಿಳಿಚಿಕೊಂಡಿತು. "ಸುಳ್ಳಾ? ಯಾ... ಯಾವುದು?"

"'ನನ್ನ ಕಡೆಯಿಂದ ಮಾತ್ರ' ಅನ್ನೋದು."

ಅರ್ಥವಾಗಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಅವನ ಕಣ್ಣೂ ತುಂಬಿತು.

"ಈಗ್ಲೇ ಹೋಗಿ ತಿದ್ದಿ ಬರ್ಲಾ?"

"ನಾಳೆ ತಿದ್ದಿದ್ರಾಯ್ತು..." ಅವಳು ಅವನ ಕೈ ಹಿಡಿದುಕೊಂಡಳು. "ಈಗ ಎಲ್ಲಿಗೂ ಹೋಗ್ಬೇಡಿ."