ಒಂದಿಂಚು ಹೆಚ್ಚು

ನಾನು ಟೇಲರ್. ಗಂಡಸರ ಹೊಟ್ಟೆ ಬಗ್ಗೆ ತಮಾಷೆ ಮಾಡುವುದು ನಮ್ಮ ಕಸುಬಿನ ಜೊತೆಗೇ ಬರುತ್ತದೆ. ಒಂದೂವರೆ ವರ್ಷದ ಹಿಂದೆ ನಮ್ಮೂರ ಶಾಲೆಯ ಮೇಷ್ಟ್ರು ಪ್ಯಾಂಟಿಗೆ ಅಳತೆ ಕೊಡಲು ಬಂದಾಗಲೂ ಹಾಗೇ ಬಾಯಿಬಿಟ್ಟೆ.

“ಏನ್ ಮೇಷ್ಟ್ರೇ, ಎರಡಿಂಚು ಜಾಸ್ತಿ ಆಗಿದೆ! ಯಾರೋ ಚೆನ್ನಾಗಿ ಊಟ ಹಾಕ್ತಿರೋ ಹಾಗಿದೆ.”

ಅವರ ಮುಖ ಬಿಳಿಚಿಕೊಂಡಿತು. ಅಳತೆ ಮುಗಿಯುವ ಮುಂಚೆಯೇ ಹೊರಟುಹೋದರು. ಹೊಟ್ಟೆಯೊಳಗೆ ಹಿಂಭಾಗದಲ್ಲಿ, ಹಿಂದೊಮ್ಮೆ ತೆಗೆಸಿದ್ದ ಕ್ಯಾನ್ಸರ್ ಗಡ್ಡೆ ಮತ್ತೆ ಬೆಳೆದಿತ್ತೆಂದು ನನಗೆ ತಿಳಿದದ್ದು ಅವರು ಎರಡನೇ ಆಪರೇಷನ್ ಮುಗಿಸಿ ಬಂದ ಮೇಲೆ. ನಾಲಿಗೆ ಕಚ್ಚಿಕೊಂಡೆ. ಅವರೇ ನಕ್ಕರು. “ಡಾಕ್ಟರಿಗಿಂತ ಮೊದಲು ಕಂಡುಹಿಡಿದೋರು ನೀವೇ, ಟೇಲರಮ್ಮ.”

ಆಮೇಲಿಂದ ಮೂರು ತಿಂಗಳಿಗೊಮ್ಮೆ, ಸ್ಕ್ಯಾನಿನ ಹಿಂದಿನ ದಿನ ಬರುತ್ತಾರೆ. ಹೊಲಿಸಲು ಏನೂ ಇರುವುದಿಲ್ಲ. ಕೈ ಎತ್ತಿ ನಿಲ್ಲುತ್ತಾರೆ, ನಾನು ಟೇಪ್ ಸುತ್ತುತ್ತೇನೆ. ಅವರ ಅಂಗಿಗೂ ಸೀಮೆಸುಣ್ಣದ ವಾಸನೆ, ನನ್ನ ಕೈಗೂ ಅದೇ. ಮೂವತ್ನಾಲ್ಕು ಎಂದಾಗ ಇಬ್ಬರೂ ಉಸಿರು ಬಿಡುತ್ತೇವೆ. ಪ್ರೀತಿ ಹುಟ್ಟಲು ಇದೆಂಥ ಜಾಗ ಹೇಳಿ! ಆದರೂ ಹುಟ್ಟಿತು. ಹುಟ್ಟಿದ್ದು ಕಾಯಲು ಹಚ್ಚಿತು, ಕಾದು ಕಾದು ನಾನು ಹಣ್ಣಾದೆ.

ಮೊನ್ನೆ ಬಂದರು. ಟೇಪ್ ಸುತ್ತಿದೆ. ಮೂವತ್ತೈದು. ಸಡಿಲಿಸಿ ಮತ್ತೆ ಹಿಡಿದೆ. ಮೂವತ್ತೈದೇ.

“ಮೂವತ್ನಾಲ್ಕು,” ಎಂದೆ.

“ಸುಳ್ಳು ಹೇಳೋವಾಗ ನೀವು ಟೇಪ್ ಬೇಗ ಎಳ್ಕೊಂಡ್ಬಿಡ್ತೀರಿ,” ಎಂದು ಸ್ಟೂಲಿನ ಮೇಲೆ ಕುಳಿತರು.

“ಈಗ ತಾನೇ ಊಟ ಮಾಡಿರ್ತೀರಿ. ಒಂದಿಂಚಿಗೆಲ್ಲ ಯಾರಾದ್ರೂ...”

“ಊಟಾನೇ ಇರಬಹುದು. ಆದ್ರೆ ಪೂರ್ತಿ ತೆಗೆದ್ರೂ ಅದೇ ಜಾಗಕ್ಕೆ ವಾಪಸ್ ಬರೋ ಜಾತಿ ಇದು ಅಂತ ಡಾಕ್ಟರ್ ಮೊದಲೇ ಹೇಳಿದಾರೆ. ಕೆಲವರು ಹತ್ತು ವರ್ಷ ಇದ್ದಾರಂತೆ, ಕೆಲವರು ಎರಡೂ ಇಲ್ಲ. ನನ್ನದು ಹೇಳಕ್ಕಾಗಲ್ಲವಂತೆ. ಅದಕ್ಕೇ ನಿಮ್ಮ ಹತ್ರ ಒಂದು ಮಾತು ಹೇಳದೇ ಇಟ್ಕೊಂಡಿದೀನಿ.”

“ನನಗೆ ಗೊತ್ತಿರೋ ಮಾತೇ ಅಲ್ವಾ?”

ತಲೆ ಎತ್ತಿದರು. ದಣಿದ ಕಣ್ಣಿನ ಮೂಲೆಯಲ್ಲಿ ಚೂರು ತುಂಟತನ ಇನ್ನೂ ಉಳಿದಿತ್ತು. “ಹೇಗೆ ಗೊತ್ತಾಯ್ತು?”

“ಟೇಪ್ ಯಾವ ಅಂಗಡೀಲಾದ್ರೂ ಸಿಗುತ್ತೆ ಮೇಷ್ಟ್ರೇ. ಅಳೆಸ್ಕೊಳ್ಳೋಕೆ ಇಲ್ಲಿವರೆಗೂ ಬರ್ತೀರಲ್ಲ!”

ನಕ್ಕರು, ಆಮೇಲೆ ನಗು ನಿಂತಿತು. “ಎಷ್ಟು ದಿನ ಅಂತ ಗೊತ್ತಿಲ್ಲದೋನನ್ನ ಕಟ್ಕೊಂಡು ಏನ್ ಮಾಡ್ತೀರಿ? ಈಗಲೇ ಸುಸ್ತಾಗಿದೀರಿ.”

“ಸುಸ್ತಾಗಿದೆ. ನೀವು ಅಲ್ಲಿ ಒಬ್ಬರೇ ಕಾಯ್ತೀರಿ, ನಾನು ಇಲ್ಲಿ ಒಬ್ಬಳೇ. ಅದಕ್ಕೇ ಸುಸ್ತು. ನೀವಂದ್ರೆ ನನಗಿಷ್ಟ. ಹತ್ತು ವರ್ಷ ಆದ್ರೂ ಅಷ್ಟೇ, ಎರಡಾದ್ರೂ ಅಷ್ಟೇ.”

ಅವರು ನನ್ನ ಕೈಯಿಂದ ಟೇಪ್ ತೆಗೆದುಕೊಂಡು ನಿಧಾನವಾಗಿ ಸುತ್ತಿ ಮೇಜಿನ ಮೇಲಿಟ್ಟರು.

“ನಾಳೆ ಎಂಟಕ್ಕೆ ಸ್ಕ್ಯಾನ್,” ಎಂದರು. “ಆದ್ರೆ ಹೇಳಿದ ಟೈಮಿಗೆ ಬಂದ ಟೇಲರನ್ನ ನಾನಂತೂ ಕಂಡಿಲ್ಲ.”

ಮರುದಿನ ಏಳಕ್ಕೇ ಅವರ ಮನೆಗೆ ಹೋದೆ. ತಟ್ಟುವ ಮೊದಲೇ ಬಾಗಿಲು ತೆರೆಯಿತು. ಚಪ್ಪಲಿ ಮೆಟ್ಟಿಕೊಂಡು, ಆಸ್ಪತ್ರೆಯ ಫೈಲನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಫೈಲನ್ನು ನನ್ನ ಕೈಗೆ ಕೊಟ್ಟರು.